‘ಹೊ’ ಅಕ್ಷರದಿಂದ ಮಗಳಿಗೆ ಯಾವ ಹೆಸರು ಇಡೋದು?

ಪುಷ್ಯ ನಕ್ಷತ್ರ 3ನೇ ಪಾದ, ‘ಹೊ’ ಅಕ್ಷರ ಬಂದಿದೆ, ಇಂಟರ್ನೆಟ್‌ನಲ್ಲಿ ಎಷ್ಟು ಹುಡುಕಿದರೂ ಮಗಳಿಗೆ ಒಂದೂ ಒಳ್ಳೆ ಹೆಸರು ಸಿಗ್ತಿಲ್ಲ, ಅತ್ತೆ ಮಾತ್ರ ಅಕ್ಷರ ಬಿಡಬಾರದು ಅಂತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಓದಿದ ತಕ್ಷಣ ಉತ್ತರ ಬರೆಯಲೇಬೇಕು ಅನ್ನಿಸಿತು. ಏಳು ವರ್ಷದ ಹಿಂದೆ ನಾನೂ ಹನುಮಂತನಗರದ ಮನೆಯ ಬಾಣಂತಿ ಕೋಣೆಯಲ್ಲಿ ಕೂತು, ಇದೇ ನಕ್ಷತ್ರ, ಇದೇ ಪಾದ, ಇದೇ ಅಕ್ಷರ ಹಿಡಿದು ರಾತ್ರಿಯೆಲ್ಲ ಫೋನ್ ನೋಡಿದ್ದೆ. ನಮ್ಮ ಮಗಳ ಹೆಸರು ಹೊನ್ನಿ.

ಮೊದಲು, ಮನೆಗೆ ಮಗಳು ಬಂದದ್ದಕ್ಕೆ ತುಂಬಾ ಸಂತೋಷ. ನೀವೂ ಮಗುವೂ ಚೆನ್ನಾಗಿರಿ.

ಹೆಸರು ಸಿಗದೇ ಇರೋದು ನಿಮ್ಮ ತಪ್ಪಲ್ಲ. ಆ ಪಟ್ಟಿಗಳೆಲ್ಲ ಹೆಚ್ಚಾಗಿ ಸಂಸ್ಕೃತ, ಹಿಂದಿ ಹೆಸರುಗಳ ಪಟ್ಟಿಗಳು. ಸಂಸ್ಕೃತದಲ್ಲಿ ಗಿಡ್ಡ ‘ಒ’ ಅನ್ನೋ ಅಕ್ಷರವೇ ಇಲ್ಲ, ಇರೋದು ಉದ್ದದ ‘ಓ’ ಒಂದೇ. ನಕ್ಷತ್ರಗಳಿಗೆ ಅಕ್ಷರ ಹಂಚುವ ಅವಕಹಡ ಚಕ್ರ ಬಂದಿರೋದೂ ಸಂಸ್ಕೃತದಿಂದಲೇ. ಹಾಗಾಗಿ ಪುಷ್ಯದ ನಾಲ್ಕು ಪಾದಕ್ಕೆ ಅಲ್ಲಿ ಹು, ಹೇ, ಹೋ, ಡ ಅಂತ ಇದೆ. ನಮ್ಮ ಪುರೋಹಿತರು ‘ಹೊ’ ಆದರೂ ಸರಿ, ‘ಹೋ’ ಆದರೂ ಸರಿ ಅಂದಿದ್ದರು. ನಿಮ್ಮವರನ್ನೂ ಒಮ್ಮೆ ಕೇಳಿ. ಹಾಗೇ ಪಾದವನ್ನೂ ಖಚಿತ ಮಾಡಿಕೊಳ್ಳಿ. ಚಂದ್ರ ಒಂದು ನಕ್ಷತ್ರ ದಾಟಲು ಸುಮಾರು ಒಂದು ದಿನ ಬೇಕು, ಅಂದರೆ ಒಂದು ಪಾದಕ್ಕೆ 6 ಗಂಟೆ ಆಸುಪಾಸು. ಮಗು ಪಾದ ಬದಲಾಗುವ ಹೊತ್ತಿನಲ್ಲಿ ಹುಟ್ಟಿದ್ದರೆ ಒಂದು ಪಂಚಾಂಗದಲ್ಲಿ 3ನೇ ಪಾದ ಇದ್ದದ್ದು ಇನ್ನೊಂದರಲ್ಲಿ 2 ಆಗಬಹುದು.

ಪಟ್ಟಿಗಳಲ್ಲಿ ನನಗೆ ಬೇಜಾರು ತಂದದ್ದು ಬೇರೆ. ಯಾವುದೋ ಅಕ್ಷರಕ್ಕೆ ಸುಮ್ನೆ ‘ಇಕಾ’, ‘ಇತಾ’ ಅಂತ ಬಾಲ ಅಂಟಿಸಿ, ಎದುರಿಗೆ ‘ದೇವಿ’, ‘ಸುಂದರಿ’ ಅಂತ ಅರ್ಥ ಬರೆದಿರುತ್ತಾರೆ. ಅದನ್ನು ನಂಬಿ ಹೆಸರಿಡಬೇಡಿ. ದೊಡ್ಡವಳಾದ ಮೇಲೆ ಮಗು ‘ಅಮ್ಮ, ನನ್ನ ಹೆಸರಿನ ಅರ್ಥ ಏನು’ ಅಂತ ಕೇಳುತ್ತೆ. ಆಗ ನಮ್ಮ ಹತ್ತಿರ ನಿಜವಾದ ಉತ್ತರ ಇರಬೇಕು, ಅಲ್ವಾ?

ನಮಗೆ ದಾರಿ ತೋರಿಸಿದ್ದು ಕನ್ನಡ ನಿಘಂಟು. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟದ ನಿಘಂಟು ಇದೆಯಲ್ಲ, ನಮ್ಮವರು ಲೈಬ್ರರಿಯಲ್ಲಿ ಅದರ ‘ಹೊ’ ಪುಟಗಳನ್ನು ತೆಗೆದು ಕೂತರು. ಮೆಡಿಕಲ್ ಶಾಪಿನ ಬಿಲ್ಲಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದು ತಂದರು. ಹೊನ್ನು, ಹೊಂಬಾಳೆ, ಹೊಂಬೆಳಕು, ಹೊಂಬಿಸಿಲು, ಹೊಂಗಿರಣ, ಹೊಳಪು. ಆ ಬಿಲ್ಲು ಇವತ್ತಿಗೂ ಮಗಳ ಲಸಿಕೆ ಕಾರ್ಡಿನ ಜೊತೆ ಇದೆ. ಹಿಂದಿಯ ಪಟ್ಟಿಯಲ್ಲಿ ಬರಿದಾಗಿದ್ದ ಅಕ್ಷರ ನಮ್ಮ ಭಾಷೆಯಲ್ಲಿ ಬಂಗಾರದ ಅಕ್ಷರ.

ಹಳಗನ್ನಡದ ‘ಪ’ ಎಷ್ಟೋ ಕಡೆ ಆಮೇಲೆ ‘ಹ’ ಆಯಿತು. ಪಾಲ್ ಹಾಲಾಯಿತು, ಪೂ ಹೂವಾಯಿತು, ಪೊನ್ ಹೊನ್ನಾಯಿತು. ಹತ್ತನೇ ಶತಮಾನದ ಕವಿ ಪೊನ್ನನ ಹೆಸರಿನಲ್ಲೂ ಇದೇ ಹೊನ್ನು. ತಮಿಳಿನಲ್ಲಿ ‘ಪ’ ಹಾಗೇ ಉಳಿಯಿತು, ಅಲ್ಲಿ ಕಾವೇರಿಗೆ ಪೊನ್ನಿ ಅಂತ ಹೆಸರು. ಅದನ್ನೇ ಕನ್ನಡದಲ್ಲಿ ಹೇಳಿದರೆ ಹೊನ್ನಿ. ನಮ್ಮ ಮನೆಯ ನಲ್ಲಿಯಲ್ಲಿ ಬರೋದೂ ಕಾವೇರಿಯೇ. ಇದು ಹೊಳೆದ ದಿನ ನನಗೆ ಮೈ ಜುಮ್ಮೆಂದಿತ್ತು.

ಇನ್ನೊಬ್ಬರನ್ನು ನೆನೆಯಲೇಬೇಕು, ಸಂಚಿಯ ಹೊನ್ನಮ್ಮ. 1673ರಿಂದ 1704ರವರೆಗೆ ಮೈಸೂರು ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಗೆ ಎಲೆಯಡಿಕೆ ಸಂಚಿ ಹಿಡಿಯುತ್ತಿದ್ದ ಹೆಣ್ಣುಮಗಳು. ‘ಹದಿಬದೆಯ ಧರ್ಮ’ ಬರೆದವರು. ಹೆಣ್ಣು ಅಂತ ಹೀಗಳೆಯುವವರನ್ನು, ನಿಮ್ಮನ್ನು ಹೆತ್ತು ಸಾಕಿದವಳು ಹೆಣ್ಣಲ್ಲವೇ ಅಂತ ಆ ಕಾಲದಲ್ಲೇ ಕೇಳಿದವರು. ಮಗಳಿಗೆ ಇಡೋ ಹೆಸರಿನ ಹಿಂದೆ ಅಂಥವರು ಇದ್ದರೆ ಇನ್ನೇನು ಬೇಕು!

ನಮ್ಮತ್ತೆಗೆ ಮಾತ್ರ ಮೊದಲು ಇಷ್ಟವಾಗಲಿಲ್ಲ. ‘ಹೊನ್ನಿ ಅಂದ್ರೆ ಹಳೇ ಕಾಲದ ಹಳ್ಳಿ ಹೆಸರು ಕಣಮ್ಮ, ಸ್ಕೂಲಲ್ಲಿ ಮಕ್ಕಳು ಆಡಿಕೊಳ್ತಾರೆ’ ಅಂದರು. ನಾನು ವಾದ ಮಾಡಲಿಲ್ಲ. ನೆಲಮಂಗಲದಾಚೆ ಶಿವಗಂಗೆ ಬೆಟ್ಟ ಇದೆಯಲ್ಲ, ಅಲ್ಲಿ ಗಂಗಾಧರೇಶ್ವರನ ಜೊತೆ ಇರೋದು ಹೊನ್ನಾದೇವಿ. ಆ ಹೆಸರು ಹೇಳಿದ್ದೇ ತಡ, ಅತ್ತೆ ಕೈ ಮುಗಿದರು. ಅವರ ಅಜ್ಜಿ ಪ್ರತಿ ವರ್ಷ ಆ ಬೆಟ್ಟ ಹತ್ತುತ್ತಿದ್ದರಂತೆ. ನಿಮ್ಮ ಅತ್ತೆಯವರಿಗೂ ಈ ಮಾತು ಹೇಳಿ ನೋಡಿ. ಅವರ ಊರಲ್ಲೂ ಇಂಥ ಒಬ್ಬ ಅಮ್ಮ ಇರಬಹುದು.

ನಿಮಗೆ ಹೊನ್ನಿ ಬೇಡ ಅನ್ನಿಸಿದರೆ ನನ್ನ ಮೆಚ್ಚಿನದು ಹೊಂಬಾಳೆ. ಅಡಿಕೆ ಮರದ ಹೂಗೊನೆ. ಗಾಂಧಿ ಬಜಾರಿನ ಹೂವಿನವರ ಹತ್ತಿರ ಪೂಜೆಗೆ ಸಿಗುತ್ತೆ. ಮೇಲಿನ ಹೊದಿಕೆ ಬಿಚ್ಚಿದರೆ ಒಳಗೆ ಬೆಣ್ಣೆ ಬಣ್ಣದ ಎಳೆಗಳು, ಎಳೆಯ ತುಂಬಾ ಅಕ್ಕಿಕಾಳಿನಂಥ ಮೊಗ್ಗು, ಮೆಲ್ಲಗೆ ಒಂದು ಪರಿಮಳ. ಎಳೇ ಮಗುವಿನ ತಲೆ ಮೂಸಿದ ಹಾಗೇ ಇರುತ್ತೆ. ಹೊಂಬಾಳೆ ಅಂದರೆ ಸಿನಿಮಾ ಕಂಪನಿ ಅಲ್ವಾ ಅಂತ ಕೇಳುವವರು ಇರುತ್ತಾರೆ, ಹೂವಿನ ಹೆಸರು ಅಂತ ಹೇಳಿದರಾಯಿತು. ಹೊಂಬೆಳಕು ಕೇಳೋಕೆ ಚಂದ, ಆದರೆ ಕರೆಯೋಕೆ ಉದ್ದ. ಹೊಂಗಿರಣ ಪರವಾಗಿಲ್ಲ, ಮನೆಯಲ್ಲಿ ಕಿರಣ ಅಂತಲೂ ಕರೆಯಬಹುದು.

ಇಂಗ್ಲಿಷ್ ಸ್ಪೆಲ್ಲಿಂಗ್ ಬಗ್ಗೆ ಸ್ವಲ್ಪ ಯೋಚಿಸಿ. ಬೆಂಗಳೂರಿನಲ್ಲಿ ಟೀಚರು, ನರ್ಸು, ಪಕ್ಕದ ಮನೆಯವರು ಎಲ್ಲರೂ ಕನ್ನಡದವರೇ ಇರಲ್ಲ. ನಮ್ಮವಳನ್ನು ಶಾಲೆಯಲ್ಲಿ ಮೊದಲ ವಾರ ‘ಹನಿ’ ಅಂತ ಕರೆದರು. ನಾನು ಹೋಗಿ ಒಮ್ಮೆ ಹೇಳಿಕೊಟ್ಟೆ, ಸರಿಹೋಯಿತು. ನಮ್ಮ ಬೀದಿಯ ಹೂವಿನಮ್ಮ ಮಾತ್ರ ‘ಒನ್ನಮ್ಮಾ’ ಅಂತಲೇ ಕೂಗೋದು. ಮಗಳಿಗೆ ಎಲ್ಲಕ್ಕಿಂತ ಅದೇ ಇಷ್ಟ.

ಇಷ್ಟಾದರೂ ಯಾವುದೂ ಮನಸ್ಸಿಗೆ ಬರಲಿಲ್ಲ ಅಂದರೆ ಹಟ ಬೇಡ. ನಾಮಕರಣದಲ್ಲಿ ತಟ್ಟೆಯ ಅಕ್ಕಿಯ ಮೇಲೆ ಒಂದೇ ಹೆಸರು ಬರೆಯಬೇಕು ಅಂತೇನಿಲ್ಲ. ಎಷ್ಟೋ ಮನೆಗಳಲ್ಲಿ ದೇವರ ಹೆಸರು, ಮಾಸದ ಹೆಸರು, ನಕ್ಷತ್ರದ ಹೆಸರು, ಕರೆಯುವ ಹೆಸರು ಅಂತ ನಾಲ್ಕು ಬರೆಯುತ್ತಾರೆ. ನಕ್ಷತ್ರದ ಹೆಸರು ‘ಹೊ’ದಿಂದ ಇರಲಿ, ಶಾಲೆಯ ಹೆಸರು ನಿಮಗೆ ಬೇಕಾದದ್ದು ಇರಲಿ. ಅತ್ತೆಯ ಮಾತೂ ಉಳಿಯುತ್ತೆ, ನಿಮ್ಮ ಆಸೆಯೂ ಉಳಿಯುತ್ತೆ.

ಆಸ್ಪತ್ರೆಯವರು ಡಿಸ್ಚಾರ್ಜ್ ಹೊತ್ತಿಗೇ ಹೆಸರು ಕೊಡಿ ಅಂದರೆ ಗಾಬರಿಯಾಗಬೇಡಿ. ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು, ಅಷ್ಟೇ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಹೆಸರನ್ನು ಆಮೇಲೆ ಸೇರಿಸಲು ಅವಕಾಶ ಇದೆ. ನೋಂದಣಿಯಾದ ಒಂದು ವರ್ಷದೊಳಗೆ ಆದರೆ ಶುಲ್ಕವೂ ಇಲ್ಲ. ಆದರೆ ಸೇರಿಸುವಾಗ ಇನಿಷಿಯಲ್ ಬಿಡಿಸಿ ಪೂರ್ತಿ ಬರೆಸಿ, ಮುಂದೆ ಪಾಸ್‌ಪೋರ್ಟ್ ಮಾಡಿಸುವಾಗ ಅನುಕೂಲ.

ನಾವು ಹೊಂಬಾಳೆ, ಹೊನ್ನಿ ಎರಡನ್ನೂ ಇಟ್ಟುಕೊಂಡು ಮೂರು ದಿನ ತೊಟ್ಟಿಲ ಪಕ್ಕ ಕರೆದು ನೋಡಿದೆವು. ಹಾಲು ಕೊಡುವಾಗ, ನೀರು ಹಾಕುವಾಗ, ರಾತ್ರಿ ಅತ್ತಾಗ. ಮೂರನೇ ರಾತ್ರಿ ನಿದ್ದೆಗಣ್ಣಲ್ಲಿ ನನ್ನ ಬಾಯಿಗೆ ಬಂದದ್ದು ‘ಬಂದೆ ಹೊನ್ನಿ, ಬಂದೆ’. ಹನ್ನೆರಡನೇ ದಿನ ನನ್ನ ನಾದಿನಿ, ಮಗುವಿನ ಸೋದರತ್ತೆ, ಬಂಗಾರದ ಉಂಗುರದಲ್ಲಿ ಅಕ್ಕಿಯ ಮೇಲೆ ಅದನ್ನೇ ಬರೆದಳು. ನೀವೂ ಹಾಗೇ ಕರೆದು ನೋಡಿ. ಯಾವುದು ನಿಂತಿತು ಅಂತ ನನಗೂ ತಿಳಿಸಿ.