ಫೋನಿನ ಆಟ ವಾರ್ಡಿನ ಕೆಲಸ ಕಲಿಸೀತೇ?

ಪ್ರಶ್ನೆ: ನಾನು ಬೆಂಗಳೂರಿನ ಯಲಹಂಕದ ಕಡೆಯ ನರ್ಸಿಂಗ್ ಕಾಲೇಜೊಂದರಲ್ಲಿ ಬೋಧಕಿ. ನಮ್ಮ 60 ವಿದ್ಯಾರ್ಥಿಗಳಿಗೆ ಪೋಸ್ಟಿಂಗಿನಲ್ಲಿ, ಅಂದರೆ ಆಸ್ಪತ್ರೆಯ ವಾರ್ಡಿನ ತರಬೇತಿಯಲ್ಲಿ, ರೋಗಿಯ ಹಾಸಿಗೆಯ ಸುತ್ತ ನಿಲ್ಲಲೂ ಜಾಗ ಸಾಲುವುದಿಲ್ಲ. ಆನ್‌ಲೈನ್ ಆಟಗಳ ಮೂಲಕ ಕ್ಲಿನಿಕಲ್ ಕೌಶಲ ಕಲಿಸೋಣವೆಂದರೆ, ಹಿರಿಯ ಸಹೋದ್ಯೋಗಿಗಳು "ಆಟವಾಡಿ ಇಂಜೆಕ್ಷನ್ ಕಲಿತವರುಂಟೇ?" ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ಇಂಜೆಕ್ಷನ್ನಿನ ಮಟ್ಟಿಗೆ ಹಿರಿಯರ ಮಾತೇ ಸರಿ. ರಕ್ತನಾಳವನ್ನು ತಡವಿ ಗುರುತಿಸುವ ಬೆರಳಿನ ಸೂಕ್ಷ್ಮವಾಗಲಿ, ನಿಂತ ಹೃದಯಕ್ಕೆ ಸಿಪಿಆರ್ ಮಾಡುವಾಗ ಎದೆಯನ್ನು 5ರಿಂದ 6 ಸೆಂಟಿಮೀಟರ್ ಒತ್ತುವ ತೋಳಿನ ಬಲವಾಗಲಿ ಫೋನಿನ ಗಾಜು ಸವರಿದರೆ ಬರುವಂಥದ್ದಲ್ಲ. ಅದಕ್ಕೆ ಸ್ಕಿಲ್ ಲ್ಯಾಬಿನ ಮ್ಯಾನಿಕಿನ್ನೇ, ಅಂದರೆ ಅಭ್ಯಾಸದ ಮಾನವಾಕೃತಿಯ ಗೊಂಬೆಯೇ ಬೇಕು. ವೈದ್ಯಕೀಯ ಶಿಕ್ಷಣತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಕಲಿಕೆಯನ್ನು ನಾಲ್ಕು ಮೆಟ್ಟಿಲಾಗಿ ವಿಂಗಡಿಸಿದರು: ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ನಿಜವಾಗಿ ಮಾಡುವುದು. ಆಟವು ಎರಡನೆಯ ಮೆಟ್ಟಿಲನ್ನು ಗಟ್ಟಿ ಮಾಡುತ್ತದೆ. ಅದೇನೂ ಸಣ್ಣ ಕೆಲಸವಲ್ಲ, ಏಕೆಂದರೆ ವಾರ್ಡಿನಲ್ಲಿ ಹೊಸಬರು ತಡವರಿಸುವುದು ಹೆಚ್ಚಾಗಿ ಏನನ್ನು ಮೊದಲು ಮಾಡಬೇಕೆಂಬ ನಿರ್ಧಾರದಲ್ಲಿ.

ಒಂದು ಸನ್ನಿವೇಶ ನೋಡಿ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ, 60 ಕೆ.ಜಿ. ತೂಕದ ರೋಗಿ. ರಾತ್ರಿ ಹತ್ತಕ್ಕೆ ನಾಡಿ 88, ಬಿಪಿ 124/78. ಹನ್ನೊಂದಕ್ಕೆ ನಾಡಿ 104. ಹನ್ನೆರಡಕ್ಕೆ ನಾಡಿ 118, ಬಿಪಿ 98/64. ಗಂಟೆಗೆ ಕನಿಷ್ಠ 30 ಮಿ.ಲೀ. ಮೂತ್ರ ಬರಬೇಕಾದಲ್ಲಿ ಚೀಲದಲ್ಲಿ 15 ಮಾತ್ರ ಸೇರಿದೆ. ಒಳಗೆಲ್ಲೋ ರಕ್ತ ಸೋರುತ್ತಿರಬಹುದೆಂಬ ಸುಳಿವಿದು. ಗಾಯದ ಡ್ರೆಸ್ಸಿಂಗನ್ನೂ ಒಳಗಿನ ದ್ರವ ಹೊರತರುವ ಡ್ರೈನ್ ಕೊಳವೆಯನ್ನೂ ನೋಡಿ ಕೂಡಲೇ ವೈದ್ಯರಿಗೆ ತಿಳಿಸುವುದೋ, ನೋವಿನ ಔಷಧ ಕೊಡುವುದೋ, ಅರ್ಧ ಗಂಟೆ ಕಾಯುವುದೋ? ವಿದ್ಯಾರ್ಥಿನಿ ಕಾಯುವುದನ್ನು ಆರಿಸಿದರೆ ಆಟ "ತಪ್ಪು" ಎಂದು ಕೂಗಬಾರದು. ಗಡಿಯಾರವನ್ನು ಮುಂದಕ್ಕೋಡಿಸಿ, ಬೆವೆತು ತಣ್ಣಗಾದ ರೋಗಿಯನ್ನೂ 80ಕ್ಕೆ ಇಳಿದ ಬಿಪಿಯನ್ನೂ ಅವಳ ಮುಂದಿಡಬೇಕು. ವಾರ್ಡಿನಲ್ಲಿ ಈ ತಪ್ಪು ಮಾಡಲು ನಾವು ಬಿಡುವಂತಿಲ್ಲ, ಆಟದಲ್ಲಿ ಬಿಡಬಹುದು.

ಡ್ರಿಪ್ಪಿನ ಲೆಕ್ಕಕ್ಕೂ ಆಟ ಚೆನ್ನಾಗಿ ಒಗ್ಗುತ್ತದೆ. 500 ಮಿ.ಲೀ. ದ್ರವ 4 ಗಂಟೆಯಲ್ಲಿ ಹೋಗಬೇಕು, ಸೆಟ್ (ಡ್ರಿಪ್ಪಿನ ಕೊಳವೆ) ಮಿಲಿಲೀಟರಿಗೆ 20 ಹನಿಯದು ಎಂದಾದರೆ ನಿಮಿಷಕ್ಕೆ ಸುಮಾರು 42 ಹನಿ. ಅದೇ ಲೆಕ್ಕದಲ್ಲಿ 60 ಹನಿಯ ಮೈಕ್ರೋ ಸೆಟ್ ಬಂದರೆ 125. ಸೆಟ್ ಬದಲಾದುದನ್ನು ಗಮನಿಸದೆ ಹಳೆಯ ಲೆಕ್ಕವನ್ನೇ ಹಿಡಿದವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಬೇಗ ಮುಗಿಸಿದವರಿಗೆ ಹೆಚ್ಚು ಅಂಕ ಕೊಡುವ ಆಟವನ್ನು ಔಷಧ ಕೊಡುವ ಪಾಠಕ್ಕೆ ದಯವಿಟ್ಟು ಬಳಸಬೇಡಿ. ರೋಗಿಯ ಹೆಸರು, ಔಷಧ, ಪ್ರಮಾಣ, ಮಾರ್ಗ, ಸಮಯಗಳನ್ನು ನಿಧಾನವಾಗಿ ತಾಳೆ ನೋಡುವ ಅಭ್ಯಾಸವನ್ನೇ ಅದು ಕೆಡಿಸುತ್ತದೆ. ಯಾವ ರೋಗಿಯನ್ನು ಮೊದಲು ನೋಡಬೇಕೆಂದು ವಿಂಗಡಿಸುವ ಟ್ರಯಾಜ್ ಕಲಿಸುವಾಗ ಗಡಿಯಾರ ಇರಲಿ, ಅಲ್ಲಿ ಅವಸರ ನಿಜವಾದದ್ದು. ಆಟದ ಅಂಕವನ್ನು ಇಂಟರ್ನಲ್ಸ್‌ಗೆ ಸೇರಿಸದಿರುವುದು ಮೇಲು. ಸೇರಿಸಿದ ದಿನವೇ ಹಾಸ್ಟೆಲಿನಲ್ಲಿ ಉತ್ತರಗಳು ಕೈಬದಲಾಗುತ್ತವೆ. ಹತ್ತು ನಿಮಿಷ ಆಡಿಸಿದರೆ ಇಪ್ಪತ್ತು ನಿಮಿಷ ಕೂರಿಸಿಕೊಂಡು "ಹನ್ನೊಂದು ಗಂಟೆಗೇ ನಿಮಗೆ ಅನುಮಾನ ಏಕೆ ಬರಲಿಲ್ಲ?" ಎಂದು ಕೇಳಿ. ಕಲಿಕೆಯ ಹೆಚ್ಚಿನ ಪಾಲು ಆ ಮಾತುಕತೆಯಲ್ಲೇ ಆಗುತ್ತದೆ.

ಸಿದ್ಧ ಆಟಗಳಲ್ಲಿ ಹೆಚ್ಚಿನವುಗಳ ರೋಗಿಗಳು ಇಂಗ್ಲಿಷಿನಲ್ಲೇ ನರಳುತ್ತಾರೆ, ಬೆಂಗಳೂರಿನ ತರಗತಿಗಳಲ್ಲೋ ಕನ್ನಡ ಬಾರದ ಹೊರರಾಜ್ಯದ ವಿದ್ಯಾರ್ಥಿಗಳು ಬಹಳ. ವಾರ್ಡಿನಲ್ಲಿ ಅವರು ಕೇಳಬೇಕಾದದ್ದು ರೋಗಿಗಳ ಕನ್ನಡವನ್ನು. ಆದ್ದರಿಂದ ಸನ್ನಿವೇಶಗಳನ್ನು ನೀವೇ ಬರೆದು, "ಸಿಸ್ಟರ್, ಕಣ್ಣು ಕತ್ತಲೆ ಬರ್ತಿದೆ, ಬಾಯಿ ಒಣಗ್ತಿದೆ" ಎಂಬ ದನಿಯನ್ನು ಫೋನಿನಲ್ಲೇ ಮುದ್ರಿಸಿ ಸೇರಿಸಿ. ಆ ಮಾತಿಗೂ ನಾಡಿಯ 118ಕ್ಕೂ ಇರುವ ನಂಟನ್ನು ಅವರು ಪೋಸ್ಟಿಂಗಿಗೆ ಮೊದಲೇ ಒಮ್ಮೆ ಕೇಳಿರಲಿ.