ಮೊದಲ ಮನೆ ಕೊಳ್ಳಲು ಮಂಗಳೂರಿನಲ್ಲಿ ಎಂಥ ವಕೀಲರನ್ನು ಹಿಡಿಯಬೇಕು?

ಬ್ಯಾಂಕಿನ ವಕೀಲರೇ ದಾಖಲೆ ನೋಡುವಾಗ ಇನ್ನೊಬ್ಬರೇಕೆ ಎಂದು ಕೇಳಿದ್ದೀರಿ. ಅವರು ನೋಡುವುದು ಬ್ಯಾಂಕಿನ ಸಾಲಕ್ಕೆ ಭದ್ರತೆ ಇದೆಯೇ ಎಂದು. ಕರಾರುಪತ್ರದಲ್ಲಿ ನಿಮ್ಮ ಮುಂಗಡ ಮುಳುಗಿಸುವ ಷರತ್ತಿದ್ದರೆ ಅದು ಅವರ ತಲೆನೋವಲ್ಲ. ಬಿಲ್ಡರ್ ತೋರಿಸಿದ ವಕೀಲರಂತೂ ಬೇಡವೇ ಬೇಡ.

ಕೋರ್ಟಿನಲ್ಲಿ ಗುಡುಗುವವರಿಗಿಂತ ನಮ್ಮ ಜಿಲ್ಲೆಯ ಜಾಗದ ಜಾತಕ ಬಲ್ಲವರು ಮೇಲು. ಮೊದಲ ಭೇಟಿಯಲ್ಲೇ ಕೇಳಿ: ಇದು ವರ್ಗ ಜಾಗವೇ (ಸರ್ಕಾರಕ್ಕೆ ನೇರ ಕಂದಾಯ ಕಟ್ಟುವ ಸ್ವಂತ ಜಾಗ), ಮೂಲಗೇಣಿಯೇ (ಒಡೆಯರಿಂದ ಶಾಶ್ವತ ಗೇಣಿಗೆ ಪಡೆದದ್ದು), ಕುಮ್ಕಿ ಸೇರಿದೆಯೇ? ಕುಮ್ಕಿ ಸರ್ಕಾರದ ಜಾಗ. ಪಕ್ಕದ ವರ್ಗದಾರರಿಗೆ ಸೊಪ್ಪು, ಸೌದೆಯಂಥ ಸವಲತ್ತು ಮಾತ್ರ. ಆದರೂ ಅದನ್ನು ಕಾಂಪೌಂಡಿನೊಳಗೆ ಸೇರಿಸಿ ತೋರಿಸುವವರಿದ್ದಾರೆ. ಹೆಣ್ಣಿನ ಕಡೆಯಿಂದ ಆಸ್ತಿ ಹರಿದುಬರುವ ಅಳಿಯಸಂತಾನ ಕುಟುಂಬದ ಆಸ್ತಿಯಾದರೆ ಪಾಲುಪಟ್ಟಿಯನ್ನು ಸಾಲು ಸಾಲಾಗಿ ಓದುವ ತಾಳ್ಮೆಯೂ ಬೇಕು.

ನಾನು ಕದ್ರಿಯಲ್ಲಿ ಫ್ಲಾಟ್ ಕೊಳ್ಳುವಾಗ ನಮ್ಮ ವಕೀಲರು 30 ವರ್ಷದ ಋಣಭಾರ ಪತ್ರದ (ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ, ಇ.ಸಿ.) ಒಂದು ಸಾಲಿಗೆ ಪೆನ್ಸಿಲಿನಿಂದ ಸುತ್ತು ಹಾಕಿ, "ಈ ಅಡಮಾನ ತೀರಿದ ಪತ್ರ ಎಲ್ಲಿ?" ಎಂದರು. ಮಾರುವವರ ಬಳಿ ಇರಲಿಲ್ಲ. ಅದು ಕೈಗೆ ಬರಲು ಎರಡು ತಿಂಗಳು ಹಿಡಿಯಿತು. ಮುಂಗಡ ಅಲ್ಲಿಯವರೆಗೆ ನನ್ನ ಖಾತೆಯಲ್ಲೇ ಇತ್ತು.

ಶುಲ್ಕ ಮೊದಲೇ ಮಾತಾಡಿಕೊಳ್ಳಿ. ಅಭಿಪ್ರಾಯವನ್ನು ಸಹಿ ಹಾಕಿ ಬರಹದಲ್ಲಿ ಕೊಡದವರನ್ನು ಬಿಟ್ಟುಬಿಡಿ.