ಮಕ್ಕಳ ಭೂಗೋಳ ಆ್ಯಪ್‌ಗೆ ‘ಅಟ್ಲಾಸ್’ ಒಳ್ಳೆಯದಾ, ‘ಓರಿಯನ್’ ಒಳ್ಳೆಯದಾ? ಗ್ರೀಕ್ ಹೆಸರಿಗೆ ತೂಕ ಇರುತ್ತದಲ್ಲ.

ಎರಡೂ ಬೇಡ. ಆರು ವರ್ಷದ ಹಿಂದೆ ನಾನೂ ಮಕ್ಕಳಿಗೆ ನಕ್ಷೆ ಕಲಿಸುವ ಆ್ಯಪ್ ಮಾಡಿ ಅಟ್ಲಾಸ್ ಅಂತಲೇ ಹೆಸರಿಟ್ಟಿದ್ದೆ. ಲೋಗೋದಲ್ಲಿ ಭೂಮಿ ಹೊತ್ತ ಗಟ್ಟಿಮುಟ್ಟಾದ ಆಸಾಮಿ.

ಅಪ್ಪನಿಗೆ ಹೇಳಿದೆ. “ಸೈಕಲ್ ಏಜೆನ್ಸಿ ತಗೊಂಡ್ಯಾ?” ಎಂದರು. ಅಲ್ಲೇ ಎಚ್ಚರವಾಗಬೇಕಿತ್ತು.

ಆಮೇಲೆ ಲೋಗೋ ನೋಡಿದ ಹೈಸ್ಕೂಲ್ ಮೇಷ್ಟ್ರೊಬ್ಬರು, “ಅವನು ಹೊತ್ತಿದ್ದು ಭೂಮಿಯಲ್ಲಪ್ಪಾ, ಆಕಾಶ” ಎಂದರು. ನಿಜ, ಗ್ರೀಕ್ ಕಥೆಯಲ್ಲಿ ಅಟ್ಲಾಸನ ಕುಲದ ಹಳೆಯ ದೇವತೆಗಳಾದ ಟೈಟನ್ನರು ಸೋತ ಮೇಲೆ ದೇವರಾಜ ಜೀಯಸ್ ಕೊಟ್ಟ ಶಿಕ್ಷೆ ಅದು. ನಕ್ಷೆ ಪುಸ್ತಕಕ್ಕೆ ಈ ಹೆಸರು ಬಂದದ್ದು ನಕ್ಷೆಗಾರ ಮರ್ಕೇಟರ್‌ನಿಂದ. ಅವನು ಸತ್ತ ಮರುವರ್ಷ, 1595ರಲ್ಲಿ, ಆ ಪುಸ್ತಕ ಅಚ್ಚಾಯಿತು. ತಮಾಷೆ ಏನೆಂದರೆ ಅವನು ನೆನೆದದ್ದು ಉತ್ತರ ಆಫ್ರಿಕಾದ ಹಳೆಯ ರಾಜ್ಯ ಮಾರಿಟೇನಿಯಾದ ಅಟ್ಲಾಸ್ ಎಂಬ ಪಂಡಿತ ರಾಜನನ್ನು, ಆಕಾಶ ಹೊತ್ತವನನ್ನಲ್ಲ.

ಇವೆಲ್ಲ ಸಣ್ಣ ಪೆಟ್ಟು. ನನ್ನನ್ನು ಮುಳುಗಿಸಿದ್ದು ಟ್ರೇಡ್‌ಮಾರ್ಕ್, ಅಂದರೆ ಹೆಸರು ನಮ್ಮದೇ ಎಂದು ಮಾಡಿಸುವ ನೋಂದಣಿ. ಸರಕು, ಸೇವೆ ಸೇರಿ ಒಟ್ಟು 45 ವರ್ಗಗಳಿವೆ. ಹೆಸರು ಆಗಲೇ ಬೇರೆಯವರದಾ ಎಂದು ಟ್ರೇಡ್‌ಮಾರ್ಕ್ ಕಚೇರಿಯ ವೆಬ್‌ಸೈಟ್‌ನಲ್ಲಿ ನೋಡಬೇಕು. ಆ್ಯಪ್ ಅಲ್ವಾ ಎಂದು ನಾನು ಹುಡುಕಿದ್ದು ಸಾಫ್ಟ್‌ವೇರ್ ಬರುವ 9ನೇ ವರ್ಗದಲ್ಲಿ ಮಾತ್ರ. ಕಲಿಸುವ ಕೆಲಸ ಬರುವುದು 41ರಲ್ಲಿ. ಅದನ್ನು ತೆರೆದೂ ನೋಡಲಿಲ್ಲ. ಹುಡುಕಿದ್ದೂ ನನ್ನ ಸ್ಪೆಲ್ಲಿಂಗ್‌ನಲ್ಲೇ: ಕೊನೆಗೆ ಎಸ್ ಬದಲು ಝೆಡ್ ಹಾಕಿ, ದೊಡ್ಡ ಜಾಣತನ ಅಂದುಕೊಂಡಿದ್ದೆ. ಅದೇ ಪುಟದಲ್ಲಿ ಉಚ್ಚಾರಣೆ ಹಿಡಿದು ಹುಡುಕುವ ಆಯ್ಕೆಯೂ ಇತ್ತು. ಒಂದು ಸಲ ಒತ್ತಿದ್ದರೆ ಸಾಕಿತ್ತು. ಒತ್ತಲಿಲ್ಲ. 4500 ರೂಪಾಯಿ ಕಟ್ಟಿ ಅರ್ಜಿ ಹಾಕಿದೆ. ಆ ಕಚೇರಿಯ ಜರ್ನಲ್‌ನಲ್ಲಿ ಅರ್ಜಿ ಪ್ರಕಟವಾದ ಮೇಲೆ ಯಾರು ಬೇಕಾದರೂ ಆಕ್ಷೇಪಿಸಲು ನಾಲ್ಕು ತಿಂಗಳಿರುತ್ತದೆ. ಮೂರನೇ ತಿಂಗಳಲ್ಲಿ ಒಂದು ಕೋಚಿಂಗ್ ಸಂಸ್ಥೆ ಆಕ್ಷೇಪ ಹಾಕಿತು. ಜಗಳಕ್ಕೆ ದುಡ್ಡಿರಲಿಲ್ಲ, ಬಿಟ್ಟುಕೊಟ್ಟೆ. ಶಾಲೆಗಳಿಗೆ ಹಂಚಲು ಅಚ್ಚು ಹಾಕಿಸಿದ ಮೂರು ಸಾವಿರ ಸ್ಟಿಕ್ಕರ್ ಈಗಲೂ ಅಟ್ಟದ ಮೇಲಿವೆ.

ಗ್ರೀಕ್ ಹೆಸರಿಗೆ ತೂಕ ಇರುತ್ತದೆ ಎಂದು ಬರೆದಿದ್ದೀರಿ. ತೂಕ ಇರಬಹುದು, ಆದರೆ ಅಟ್ಲಾಸ್ ಹೆಸರನ್ನು ಯಾರ್ಯಾರು ಹೊತ್ತಿದ್ದಾರೆ ನೋಡಿ. ಮೊರಾಕ್ಕೋದ ಬೆಟ್ಟಸಾಲು, ಕತ್ತಿನ ಮೊದಲ ಮೂಳೆ, ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನ ಡಿಟೆಕ್ಟರ್, ಅಮೆರಿಕದ ರಾಕೆಟ್, ಬಾಸ್ಟನ್ ಡೈನಾಮಿಕ್ಸ್‌ನ ರೋಬೋ, ನಮ್ಮ ಪಶ್ಚಿಮ ಘಟ್ಟದ ಆ ದೊಡ್ಡ ಪತಂಗ. ಇಷ್ಟರ ನಡುವೆ ನಿಮ್ಮ ಆ್ಯಪ್ ಯಾರ ಕಣ್ಣಿಗೆ ಬೀಳುತ್ತದೆ? ಓರಿಯನ್ ಅಂತೂ ಕೇಳಲೇಬೇಡಿ, ಬೆಂಗಳೂರಿನವರು ನೇರ ಮಾಲ್‌ಗೆ ಹೋಗುತ್ತಾರೆ.

ಈಗ ನನ್ನ ಆ್ಯಪ್ ಹೆಸರು ‘ಕೈಮರ’. ಮೂರೂ ವರ್ಗ ಹುಡುಕಿಯೇ ಇಟ್ಟಿದ್ದು: 9, 41, ಜೊತೆಗೆ ಆನ್‌ಲೈನ್ ಸಾಫ್ಟ್‌ವೇರ್ ಸೇವೆ ಬರುವ 42. ಗೂಗಲ್ ಮಾಡಿದರೆ ಮುಳ್ಳಯ್ಯನಗಿರಿ ದಾರಿಯ ಚೆಕ್‌ಪೋಸ್ಟ್ ಮೊದಲು ಬರುತ್ತದೆ. ಅದರ ಜೊತೆ ಪೈಪೋಟಿಗೆ ನಾನು ರೆಡಿ.